ಜನವರಿ ಎಂಟು, ಆಗಸ್ಟ್ ಒಂದು

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಎದುರು, ಚಪ್ಪಲಿ ಅಂಗಡಿಯ ಮಹಡಿಯಲ್ಲಿ ಅರ್ಪಿತಾಳ ಕಂಪ್ಯೂಟರ್ ಅಂಗಡಿ ಇತ್ತು. ಹತ್ತಲು ಕಿರಿದಾದ ಮೆಟ್ಟಿಲು. ಜೆರಾಕ್ಸ್ ತೆಗೆಯುವುದು, ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಮದುವೆ ಕಾಗದ ಟೈಪ್ ಮಾಡುವುದು. ಊರಿನವರಿಗೆ ಗೊತ್ತಿದ್ದ ಅರ್ಪಿತಾ ಇಷ್ಟೇ. ಅವಳು ಪ್ರೋಗ್ರಾಂ ಬರೆಯುತ್ತಾಳೆ ಎಂದು ತಿಳಿದಿದ್ದವರು ಕೆಲವೇ ಜನ. ಅವರಲ್ಲಿ ನಾನೊಬ್ಬ.

ನನ್ನ ಹೆಸರು ದಿಲೀಪ್. ಮೂಡಿಗೆರೆಯಿಂದ ಆರು ಕಿಲೋಮೀಟರ್ ದೂರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಗೊಬ್ಬರದ ಮೂಟೆ, ದಿನದ ಮಳೆ ಎಲ್ಲ ಬರೆದಿಡುವುದು ನನ್ನ ಕೆಲಸ. ಮಳೆ ಬರೆದಿಟ್ಟ ಹಳೇ ಪುಸ್ತಕಗಳಿಗೆ ಗೆದ್ದಲು ಹಿಡಿದಾಗ ನಮ್ಮ ಗೌಡರು, "ಅದನ್ನೆಲ್ಲ ಕಂಪ್ಯೂಟರಿಗೆ ಹಾಕ್ಸು ಮಾರಾಯ" ಎಂದರು. ಹಾಗೆ ನಾನು ಅರ್ಪಿತಾಳ ಮೆಟ್ಟಿಲು ಹತ್ತಿದ್ದು.

ಮಳೆಯ ಪ್ರೋಗ್ರಾಂ ಬರೆದುಕೊಟ್ಟಳು. ಎರಡು ತಿಂಗಳಾದ ಮೇಲೆ ಒಂದು ತೊಂದರೆ ಬಂತು. ಜುಲೈ ತಿಂಗಳ ಒಂದೇ ದಿನ ನೂರಿಪ್ಪತ್ತು ಇಂಚು ಮಳೆ ಬಂದಿದೆ ಎಂದು ತೋರಿಸಿತು. ನಾನೇ ಒಂದಕ್ಕೂ ಇಪ್ಪತ್ತಕ್ಕೂ ನಡುವೆ ಚುಕ್ಕಿ ಇಡುವುದನ್ನು ಮರೆತಿದ್ದೆ. ನಾಚಿಕೆಯಾಗಿ ಫೋನ್ ಮಾಡಿದೆ. ಅವಳು ಮಾರನೇ ದಿನವೇ ಎಸ್ಟೇಟ್ ಜೀಪ್ ಹತ್ತಿ ಬಂದಳು. ಪ್ರೋಗ್ರಾಂ ಮುಟ್ಟಲಿಲ್ಲ. ನನ್ನ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತು, ನಾನು ಟೈಪ್ ಮಾಡುವುದನ್ನೇ ಅರ್ಧ ದಿನ ನೋಡಿದಳು.

"ನನ್ನ ತಪ್ಪು ಕಣಮ್ಮ ಅದು," ಎಂದೆ.

"ನಿಮ್ದಲ್ಲ ದಿಲೀಪಣ್ಣ. ನೀವು ತಪ್ಪು ಮಾಡೋಕೆ ಜಾಗ ಬಿಟ್ಟವಳು ನಾನು," ಎಂದಳು.

ಆಮೇಲೆ ಇಂಚಿಗೆ ಒಂದು ಖಾನೆ, ಇಂಚಿನ ನೂರನೇ ಒಂದು ಪಾಲಾದ ಸೆಂಟಿಗೆ ಇನ್ನೊಂದು ಖಾನೆ ಮಾಡಿದಳು. ಮತ್ತೆ ಆ ತಪ್ಪು ಆಗಲಿಲ್ಲ.

ಅರ್ಪಿತಾ ಹುಟ್ಟಿ ಬೆಳೆದದ್ದು ಕುದುರೆಮುಖದ ಕಾಲೋನಿಯಲ್ಲಿ. ಅಪ್ಪ ಅಲ್ಲಿ ಗಣಿಯಲ್ಲಿ ಮೆಕ್ಯಾನಿಕ್. ಕಾಲೋನಿಯ ಶಾಲೆಯಲ್ಲಿ ಕಂಪ್ಯೂಟರ್ ಇತ್ತು. ನಮ್ಮ ಕಡೆಯ ಮಕ್ಕಳು ಕಂಪ್ಯೂಟರಿನ ಚಿತ್ರ ನೋಡುವ ಕಾಲಕ್ಕೆ ಅವಳು ಅದರ ಮುಂದೆ ಕೂತು ಸಣ್ಣಪುಟ್ಟ ಲೆಕ್ಕ ಮಾಡಿಸುತ್ತಿದ್ದಳಂತೆ. ಗಣಿ ನಿಂತ ವರ್ಷ ಅವಳಿಗೆ ಹದಿನೆಂಟು. ಒಬ್ಬೊಬ್ಬರೇ ಕ್ವಾರ್ಟರ್ಸ್ ಖಾಲಿ ಮಾಡಿ ಹೊರಟರು. ಅಪ್ಪ, ಅಮ್ಮ ಸುಶೀಲಾ, ಅವಳು ಮೂವರೂ ಮೂಡಿಗೆರೆಗೆ ಬಂದರು. ಚಿಕ್ಕಮಗಳೂರಿನಲ್ಲಿ ಡಿಪ್ಲೊಮಾ ಮುಗಿಸಿದಳು. ಅಪ್ಪ ತೀರಿಹೋದ ಮೇಲೆ ಅಂಗಡಿ ಹಾಕಿದಳು. ಮದುವೆಯ ಮಾತು ಎರಡು ಸಲ ಬಂದು ನಿಂತುಹೋಯಿತು. ಅಮ್ಮನಿಗೆ ಅದರ ಕೊರಗಿತ್ತು, ಇವಳಿಗಿರಲಿಲ್ಲ.

"ನಂಗೆ ಕೋಡ್ ಬರೆಯೋದೇ ಇಷ್ಟ," ಎನ್ನುತ್ತಿದ್ದಳು. "ಏನಾದ್ರೂ ಕೆಟ್ರೆ ಯಾಕೆ ಕೆಡ್ತು ಅಂತ ಅದೇ ಹೇಳುತ್ತೆ. ಮನುಷ್ಯರ ಹಾಗಲ್ಲ."

ನಮ್ಮಲ್ಲಿ ಒಂದು ರಕ್ತದಾನಿಗಳ ಬಳಗ ಇತ್ತು. ಅದನ್ನು ಕಟ್ಟಿದವರು ಮಂಜಯ್ಯನವರು, ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಮೂಡಿಗೆರೆ ಕೊಟ್ಟಿಗೆಹಾರ ಕಳಸದ ದಾರಿಯಲ್ಲಿ ಅವರಿಗೆ ಗುರುತಿಲ್ಲದ ಮನೆ ಇಲ್ಲ. ಯಾರದು ಯಾವ ಗುಂಪಿನ ರಕ್ತ, ಯಾರು ಯಾವಾಗ ಕೊಟ್ಟರು ಎಲ್ಲವನ್ನೂ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಬರೆಯದೇ ಇದ್ದದ್ದು ತಲೆಯಲ್ಲಿ ಇರುತ್ತಿತ್ತು. ದಾನಿಗಳ ಸಂಖ್ಯೆ ಮುನ್ನೂರು ದಾಟಿದ ಮೇಲೆ ಅವರ ಕೈಲಾಗಲಿಲ್ಲ. ವಾಟ್ಸಾಪಿನಲ್ಲಿ ಹಾಕಿದರೆ ಅದು ವಾರಗಟ್ಟಲೆ ಸುತ್ತಾಡುತ್ತಿತ್ತು. ರೋಗಿ ಗುಣವಾಗಿ ಮನೆಗೆ ಹೋದ ಮೇಲೂ ಪಾಪ, ಯಾರೋ ರಕ್ತ ಕೊಡಲು ಬಂದು ನಿಲ್ಲುತ್ತಿದ್ದರು. ಅರ್ಪಿತಾಳನ್ನು ಕೇಳಿದರು. ಅವಳು ಮೂರು ತಿಂಗಳು ಕೂತು ಒಂದು ಪ್ರೋಗ್ರಾಂ ಬರೆದಳು. ಬಳಗದ ಕಂಪ್ಯೂಟರ್ ಅವಳ ಅಂಗಡಿಯ ಒಳಗಿನ ಮೂಲೆಯಲ್ಲೇ ಇತ್ತು.

ಕೆಲಸ ಸರಳ. ಬೇಕಾದ ಗುಂಪನ್ನು ಒತ್ತಿದರೆ ಈಗ ರಕ್ತ ಕೊಡಬಹುದಾದವರ ಹೆಸರು, ಫೋನ್ ನಂಬರು ಬರುತ್ತದೆ. ಒಮ್ಮೆ ಕೊಟ್ಟ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಮತ್ತೆ ಕೊಡುವಂತಿಲ್ಲ. ಹಾಗಾಗಿ ಕೊಟ್ಟ ದಿನದಿಂದ ಲೆಕ್ಕ ಹಾಕಿ, ಅವಧಿ ಮುಗಿಯದವರನ್ನು ಅದು ಬೇರೆ ಪಟ್ಟಿಗೆ ತಳ್ಳುತ್ತದೆ. ಎರಡೂಮುಕ್ಕಾಲು ವರ್ಷ ಅದು ಒಂದು ದಿನವೂ ಕೈಕೊಡಲಿಲ್ಲ. ಕೊಪ್ಪ, ಸಕಲೇಶಪುರದ ಬಳಗದವರೂ ಕೇಳಿ ಹಾಕಿಸಿಕೊಂಡರು.

2024ರ ಮೇ ತಿಂಗಳಲ್ಲಿ ಸಿಡಿಲು ಹೊಡೆದು ಬಳಗದ ಕಂಪ್ಯೂಟರ್ ಸುಟ್ಟುಹೋಯಿತು. ಪ್ರೋಗ್ರಾಂ, ಹೆಸರುಗಳ ಪಟ್ಟಿ ಎರಡರ ನಕಲೂ ಅರ್ಪಿತಾಳ ಬಳಿ ಇತ್ತು. ಜೂನ್ ತಿಂಗಳಲ್ಲಿ ದಾನಿಗಳೊಬ್ಬರು ಹೊಸದು ಕೊಡಿಸಿದರು. ನಾನು ಆ ದಿನ ಏನೋ ಪ್ರಿಂಟ್ ತೆಗೆಸಲು ಹೋಗಿದ್ದೆ. ಅರ್ಪಿತಾ ಬೆಳಗ್ಗಿನಿಂದ ಅದರ ಮುಂದೆಯೇ ಕೂತಿದ್ದಳು. ಮೊದಲು ಪ್ರೋಗ್ರಾಂ ತೆರೆಯಲೇ ಇಲ್ಲ, ಅದಕ್ಕೆ ಬೇಕಾದ ಯಾವುದೋ ಫೈಲ್ ಇಲ್ಲ ಎಂದಿತು. ಅದನ್ನು ಹುಡುಕಿ ಹಾಕಿದಳು. ತೆರೆಯಿತು, ಹೆಸರುಗಳ ಪಟ್ಟಿ ಎಲ್ಲಿದೆ ಗೊತ್ತಿಲ್ಲ ಎಂದಿತು. ದಾರಿ ತೋರಿಸಿದಳು. ಹೆಸರು ಬಂತು, ಕನ್ನಡ ಅಕ್ಷರದ ಬದಲು ಬರೀ ಚೌಕ. ಅದನ್ನೂ ಸರಿಮಾಡಿದಳು. ಪಟ್ಟಿ ಕೆಳಗೆ ಎಳೆದರೆ ಪ್ರೋಗ್ರಾಮಿನ ಕಿಟಕಿ ಮರಗಟ್ಟಿದ ಹಾಗೆ ನಿಲ್ಲುತ್ತಿತ್ತು, ಸಂಜೆಯೊಳಗೆ ಅದೂ ಹೋಯಿತು. ಕೊನೆಗೆ ಮೂರು ಹೆಸರು ತೆಗೆದು ದಿನಾಂಕ, ಲೆಕ್ಕ ಎಲ್ಲ ತಾಳೆ ನೋಡಿದಳು. ಮೂರೂ ಸರಿಯಾಗಿತ್ತು.

"ಮುಗೀತು ದಿಲೀಪಣ್ಣ. ಬನ್ನಿ, ಕಾಫಿ ಕುಡಿಯಣ," ಎಂದಳು. ಖುಷಿಯಾಗಿದ್ದಳು.

ಇನ್ನು ಆಗಸ್ಟ್ ಇಪ್ಪತ್ತರ ವಿಷಯ.

ಕಳಸದ ರಾಜೀವ್ ಎನ್ನುವವನು ಜೀಪ್ ಓಡಿಸುತ್ತಿದ್ದ. ಹೆಂಡತಿ ಸೌಂದರ್ಯ, ಇಪ್ಪತ್ನಾಲ್ಕು ವರ್ಷ, ಮೊದಲ ಹೆರಿಗೆ. ಆ ದಿನ ಬೆಳಗ್ಗೆ ಹೆಣ್ಣುಮಗು ಹುಟ್ಟಿತು. ಮಗು ಚೆನ್ನಾಗಿತ್ತು. ತಾಯಿಗೆ ರಕ್ತಸ್ರಾವ ನಿಲ್ಲಲಿಲ್ಲ. ಆಂಬುಲೆನ್ಸಿನಲ್ಲಿ ಚಿಕ್ಕಮಗಳೂರಿನ ಒಂದು ಆಸ್ಪತ್ರೆಗೆ ಕರೆದೊಯ್ದರು. ಅವಳದು ಓ ನೆಗೆಟಿವ್ ರಕ್ತ. ಇದ್ದ ಒಂದು ಬಾಟಲಿ ಹಾಕಿದರು, ಸಾಲಲಿಲ್ಲ. ಹತ್ತೂವರೆಗೆ ಆಸ್ಪತ್ರೆಯಿಂದ ಬಳಗಕ್ಕೆ ಫೋನ್ ಬಂತು.

ಮಂಜಯ್ಯನವರು ಆ ವಾರ ಕಣ್ಣಿನ ಆಪರೇಷನ್ನಿಗೆಂದು ಮಣಿಪಾಲಕ್ಕೆ ಹೋಗಿದ್ದರು. ಫೋನ್ ತೆಗೆದವಳು ಅರ್ಪಿತಾ. ಓ ನೆಗೆಟಿವ್ ಒತ್ತಿದಳು. ನಮ್ಮ ಬಳಗದಲ್ಲಿ ಆ ಗುಂಪಿನವರು ನಾಲ್ಕೇ ಜನ. ಒಬ್ಬರು ದುಬೈಗೆ ಹೋಗಿದ್ದರು, ಒಬ್ಬರಿಗೆ ಆಗಷ್ಟೇ ಕಾಮಾಲೆ ಬಿಟ್ಟಿತ್ತು, ಒಬ್ಬರು ಜುಲೈ ತಿಂಗಳಲ್ಲಿ ಕೊಟ್ಟಿದ್ದರು. ನಾಲ್ಕನೆಯವನು ನಾನು. ಪರದೆಯ ಮೇಲೆ, ಈಗ ಕೊಡಬಹುದಾದವರು ಯಾರೂ ಇಲ್ಲ ಎಂದು ಬಂತು.

ಅವಳು ಸುಮ್ಮನೆ ಕೂರಲಿಲ್ಲ. ಸಕಲೇಶಪುರ, ಕೊಪ್ಪ, ಹಾಸನ ಎಲ್ಲ ಕಡೆಗೂ ಫೋನ್ ಮಾಡಿದಳು. ವಾಟ್ಸಾಪಿನಲ್ಲೂ ಹಾಕಿದಳು. ನನ್ನದು ಬಟನ್ ಫೋನ್, ನನಗೆ ಅದು ಬರುವಂತಿರಲಿಲ್ಲ. ಹಾಸನದಲ್ಲಿ ಒಬ್ಬ ಸಿಕ್ಕಿದ. ಪುಣ್ಯಾತ್ಮ, ಇದ್ದ ಕೆಲಸ ಬಿಟ್ಟು ಕಾರು ಹತ್ತಿದ. ದಾರಿಯಲ್ಲಿ ಮರ ಬಿದ್ದು ರಸ್ತೆ ಕಟ್ಟಿತ್ತು. ಅವನು ಚಿಕ್ಕಮಗಳೂರು ಮುಟ್ಟುವಾಗ ಒಂದೂ ಮುಕ್ಕಾಲು. ರಕ್ತ ತೆಗೆದು, ಪರೀಕ್ಷೆ ಮಾಡಿ, ಒಳಗೆ ತೆಗೆದುಕೊಂಡು ಹೋಗುವಷ್ಟರಲ್ಲಿ ಸೌಂದರ್ಯ ಹೋಗಿಬಿಟ್ಟಿದ್ದಳು.

ಆ ದಿನ ನಾನು ಎಸ್ಟೇಟ್ ಆಫೀಸಿನಲ್ಲಿ ಹಳೇ ಪೇಪರ್ ಓದುತ್ತ ಕೂತಿದ್ದೆ. ಮಳೆ ಜೋರಾಗಿ ಆಳುಗಳು ಬಂದಿರಲಿಲ್ಲ. ಫೋನು ಮೇಜಿನ ಮೇಲಿತ್ತು. ಜೀಪ್ ಹೊರಗೆ ನಿಂತಿತ್ತು. ಚಿಕ್ಕಮಗಳೂರಿಗೆ ಒಂದು ಗಂಟೆಯ ದಾರಿ.

ನನಗೆ ಏನೂ ಗೊತ್ತಿರಲಿಲ್ಲ. ಮೂರು ದಿನ ಬಿಟ್ಟು ಶುಕ್ರವಾರ ಮೂಡಿಗೆರೆಗೆ ಹೋದವನು ಅರ್ಪಿತಾಳ ಅಂಗಡಿಗೆ ಹೋದೆ. ಅವಳ ಮುಖ ಬಾಡಿತ್ತು.

"ಹುಷಾರಿಲ್ವಾ?" ಎಂದೆ.

"ಮಂಗಳವಾರ ಒಬ್ಬಳು ಬಾಣಂತಿ ಹೋಗ್ಬಿಟ್ಳು ದಿಲೀಪಣ್ಣ. ಎಷ್ಟು ಕಡೆ ಫೋನ್ ಮಾಡ್ದೆ. ಓ ನೆಗೆಟಿವ್ ಸಿಗ್ಲೇ ಇಲ್ಲ."

"ಓ ನೆಗೆಟಿವ್ ನಂದೇ ಅಲ್ವಾ ಮಾರಾಯ್ತಿ? ನಂಗ್ಯಾಕೆ ಹೇಳ್ಲಿಲ್ಲ?"

"ನಿಮ್ದು ಇನ್ನೂ ಮೂರು ತಿಂಗಳು ಆಗಿಲ್ವಲ್ಲ. ಈ ಒಂದನೇ ತಾರೀಕು ತಾನೇ ಕೊಟ್ಟಿದ್ದೀರಿ?"

"ಒಂದನೇ ತಾರೀಕಾ?" ಎಂದೆ. "ನಾನು ಕೊಟ್ಟಿದ್ದು ಜನವರಿಯಲ್ಲಿ. ಎಂಟನೇ ತಾರೀಕು. ಕಾಫಿ ಕುಯ್ಲಿನ ಮಧ್ಯೆ ಬಂದಿದ್ದೆ, ಗೌಡ್ರು ಬೈದಿದ್ರು. ಅದಾದ ಮೇಲೆ ಯಾರೂ ಕರೀಲೇ ಇಲ್ಲ."

ಅವಳು ನನ್ನ ಮುಖ ನೋಡಿದಳು. ಎದ್ದು ಒಳಗಿನ ಕಂಪ್ಯೂಟರಿನ ಮುಂದೆ ಹೋಗಿ ಕೂತಳು. ನಾನು ಹಿಂದೆ ನಿಂತೆ. ನನ್ನ ಹೆಸರು ತೆರೆದಳು. ಕೊಟ್ಟ ದಿನ ಆಗಸ್ಟ್ ಒಂದು ಎಂದಿತ್ತು. ಆಮೇಲೆ ಪ್ರೋಗ್ರಾಂ ಮುಚ್ಚಿ, ಹೆಸರುಗಳೆಲ್ಲ ಇರುವ ಮೂಲ ಫೈಲನ್ನೇ ತೆರೆದಳು. ಅಲ್ಲಿ ನನ್ನ ಹೆಸರಿನ ಮುಂದೆ 08/01/2024 ಎಂದಿತ್ತು. ಎಂಟು, ಒಂದು. ಮಂಜಯ್ಯನವರು ಟೈಪ್ ಮಾಡಿದ್ದು ಸರಿಯಾಗಿಯೇ ಇತ್ತು.

ಅವಳ ಬೆರಳು ನಿಧಾನವಾಗಿ ಪರದೆಯ ಕೆಳಗಿನ ಬಲಮೂಲೆಗೆ ಹೋಯಿತು. ಗಡಿಯಾರದ ಕೆಳಗೆ ಆ ದಿನದ ತಾರೀಕು ಇತ್ತು. 8/23/2024. ತಿಂಗಳು ಮೊದಲು, ದಿನ ಆಮೇಲೆ.

"ಅಮೆರಿಕದ ತಾರೀಕು," ಎಂದಳು. "ಈ ಕಂಪ್ಯೂಟರ್ ಹಾಗೇ ಬಂದಿದೆ. ಜೂನ್‌ನಿಂದ ದಿನಾ ನನ್ನ ಕಣ್ಣೆದುರೇ ಇದೆ."

ನನಗೆ ಪೂರ್ತಿ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಹಳೇ ಕಂಪ್ಯೂಟರಿನಲ್ಲಿ ನಮ್ಮ ದೇಶದ ಪದ್ಧತಿ ಇತ್ತು, ದಿನ ಮೊದಲು ತಿಂಗಳು ಆಮೇಲೆ. ಅವಳ ಪ್ರೋಗ್ರಾಂ ತಾರೀಕನ್ನು ಬರೀ ಅಕ್ಷರವಾಗಿ ಇಟ್ಟುಕೊಂಡು, ಓದುವಾಗ ಕಂಪ್ಯೂಟರ್ ಯಾವ ಪದ್ಧತಿಯಲ್ಲಿದೆಯೋ ಹಾಗೇ ಓದುತ್ತಿತ್ತು. ಹೊಸದರಲ್ಲಿ ಎಂಟನೇ ಜನವರಿ, ಆಗಸ್ಟ್ ಒಂದಾಯಿತು. ಹಾಗಿದ್ದರೆ ಎಲ್ಲರದೂ ತಪ್ಪಬೇಕಿತ್ತಲ್ಲ ಎಂದು ಕೇಳಿದೆ.

"ಇಲ್ಲ. ಇಪ್ಪತ್ತೈದನೇ ತಿಂಗಳು ಅಂತ ಒಂದಿಲ್ವಲ್ಲ. ಹನ್ನೆರಡಕ್ಕಿಂತ ದೊಡ್ಡ ತಾರೀಕು ಬಂದ್ರೆ ಅದೇ ತಿರುಗಿಸಿ ಸರಿಯಾಗಿ ಓದಿಕೊಳ್ಳುತ್ತೆ. ನಾನು ಅವತ್ತು ಮೂರು ಹೆಸರು ನೋಡಿದ್ದೆ. ಹದಿನೇಳು, ಇಪ್ಪತ್ತೈದು, ಮೂವತ್ತು." ಪರದೆಯಿಂದ ಕಣ್ಣು ತೆಗೆಯದೆ, "ಅಕ್ಷರ ಹೋಯ್ತು, ಕಿಟಕಿ ನಿಂತೋಯ್ತು, ಅದೆಲ್ಲ ಕೂಗಿ ಹೇಳ್ತು. ಸರಿ ಮಾಡ್ದೆ. ಇದು ಸುಮ್ನಿತ್ತು," ಎಂದಳು.

ಆಮೇಲೆ ಅವಳು ಮಾಡಿದ್ದನ್ನು ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ. ಅಳಲಿಲ್ಲ. ಕಂಪ್ಯೂಟರಿನ ತಾರೀಕಿನ ಪದ್ಧತಿಯನ್ನು ನಮ್ಮದಕ್ಕೆ ಬದಲಾಯಿಸಿದಳು. ಪ್ರೋಗ್ರಾಂ ತೆರೆದು ಓ ನೆಗೆಟಿವ್ ಒತ್ತಿದಳು. ನನ್ನ ಹೆಸರು, ನನ್ನ ನಂಬರು ಬಂತು. ಮತ್ತೆ ಅಮೆರಿಕದ್ದಕ್ಕೆ ತಿರುಗಿಸಿದಳು, ಒತ್ತಿದಳು. ಯಾರೂ ಇಲ್ಲ. ಮತ್ತೆ ನಮ್ಮದು. ನನ್ನ ಹೆಸರು. ನಾಲ್ಕೈದು ಸಲ ಹಾಗೇ ಮಾಡಿದಳು.

"ಸಾಕು ಅರ್ಪಿತಾ," ಎಂದೆ.

"ತಪ್ಪು ಎಲ್ಲಿದೆ ಅಂತ ಖಾತ್ರಿ ಆಗ್ಬೇಕು," ಎಂದಳು. ಅದು ಅವಳ ಕೆಲಸದ ರೀತಿ. ತಪ್ಪನ್ನು ತಾನೇ ಮತ್ತೆ ಮಾಡಿ ನೋಡದ ಹೊರತು ತಿದ್ದುವುದಿಲ್ಲ. ನಾನು ಅವಳ ಭುಜದ ಮೇಲೆ ಕೈ ಇಟ್ಟೆ. ಆಗ ಹೇಳಿದಳು: "ಬೇರೆ ಪಟ್ಟಿಯಲ್ಲಿ ನಿಮ್ಮ ಹೆಸರು ನೋಡ್ದೆ ದಿಲೀಪಣ್ಣ ಅವತ್ತು. ಕೊಟ್ಟು ಹತ್ತೊಂಬತ್ತು ದಿನ ಅಂತ ತೋರಿಸ್ತು. ಫೋನ್ ಕೈಯಲ್ಲೇ ಇತ್ತು. ಸುಮ್ನೆ ಒಂದ್ಸಲ ಮಾಡಿ ಕೇಳ್ಬಹುದಿತ್ತು. ಮಾಡ್ಲಿಲ್ಲ. ನಾನೇ ಬರೆದ ಪ್ರೋಗ್ರಾಂ ಅಲ್ವಾ, ನಂಬಿದ್ದೆ."

ಅದೇ ದಿನ ಕೊಪ್ಪಕ್ಕೂ ಸಕಲೇಶಪುರಕ್ಕೂ ಫೋನ್ ಮಾಡಿ, ಕಂಪ್ಯೂಟರಿನ ಮೂಲೆಯ ತಾರೀಕು ಓದಿ ಹೇಳಿ ಎಂದಳು. ಅಲ್ಲಿ ಸರಿಯಾಗಿತ್ತು. ನಮ್ಮ ಬಳಗದಲ್ಲಿ ನಲವತ್ತೊಂದು ಜನರ ತಾರೀಕು ತಿರುವುಮುರುವಾಗಿತ್ತು. ಒಬ್ಬೊಬ್ಬರಿಗೂ ತಾನೇ ಫೋನ್ ಮಾಡಿ ತಾರೀಕು ಕೇಳಿ ತಾಳೆ ನೋಡಿದಳು. ಯಾಕೆ ಕೇಳುತ್ತೀರಿ ಎಂದವರಿಗೆಲ್ಲ ತನ್ನ ತಪ್ಪಿನಿಂದ ಎಂದು ಹೇಳಿದಳು.

ಮುಂದಿನ ವಾರ ಚಿಕ್ಕಮಗಳೂರಿಗೆ ಹೋಗಿ, ಸೌಂದರ್ಯಳನ್ನು ನೋಡಿಕೊಂಡಿದ್ದ ಡಾಕ್ಟರಮ್ಮನನ್ನು ಭೇಟಿಯಾದಳು. ನಾನು ಬೇಡವೆಂದರೂ ಅವಳು ಕೇಳಲಿಲ್ಲ, ಹಾಗಾಗಿ ಜೊತೆಗೆ ಹೋದೆ. ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡರು.

"ಹನ್ನೆರಡೂವರೆ, ಒಂದು ಗಂಟೆಗೆ ಇನ್ನೊಂದು ಬಾಟಲಿ ಇದ್ದಿದ್ರೆ ಬದುಕ್ತಿದ್ರಾ ಮೇಡಂ?" ಎಂದು ಕೇಳಿದಳು ಅರ್ಪಿತಾ.

"ಗೊತ್ತಿಲ್ಲಮ್ಮ. ಬದುಕ್ತಿದ್ದಳು ಅಂತ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ನಮಗೆ ಇನ್ನೊಂದು ಅವಕಾಶ ಸಿಗ್ತಿತ್ತು, ಅಷ್ಟು ನಿಜ," ಎಂದರು. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಅವರು ಮಾಡಲಿಲ್ಲ. ಅರ್ಪಿತಾ ಕೈಮುಗಿದು ಹೊರಗೆ ಬಂದಳು.

ಅಷ್ಟರಲ್ಲಿ ಮಂಜಯ್ಯನವರು ಮಣಿಪಾಲದಿಂದ ಬಂದಿದ್ದರು. ಕಣ್ಣಿಗೆ ಕಪ್ಪು ಕನ್ನಡಕ. ವಿಷಯ ಕೇಳಿ ಗೋಡೆಗೆ ಒರಗಿ ಕೂತರು. ಆಮೇಲೆ, "ನಾನಿದ್ದಿದ್ರೆ ದಿಲೀಪಂಗೆ ಹಾಗೇ ಫೋನ್ ಹೊಡೀತಿದ್ದೆ," ಎಂದರು. ಚುಚ್ಚಬೇಕೆಂದು ಹೇಳಿದ್ದಲ್ಲ, ತಮ್ಮ ಸಂಕಟಕ್ಕೆ ಹೇಳಿಕೊಂಡರು. ಅರ್ಪಿತಾ ತಲೆ ತಗ್ಗಿಸಿದಳು.

"ಅವರ ಮನೆಗೆ ಹೋಗಿ ಹೇಳ್ತೀನಿ," ಎಂದಳು.

"ಹುಚ್ಚಾ ನಿಂಗೆ? ಹೇಳ್ಬೇಡ. ಯಾರಿಗೂ ಗೊತ್ತಿಲ್ಲ ಇದು. ಹೇಳಿದ್ರೆ ಅವರಿಗೂ ನೆಮ್ಮದಿ ಇಲ್ಲ, ನಿಂಗೂ ಇಲ್ಲ. ಹೋದ ಜೀವ ಬರುತ್ತಾ?"

ನಾನೂ ಮಂಜಯ್ಯನವರ ಮಾತೇ ಸರಿ ಎಂದೆ. ಈಗಲೂ ಯಾವುದು ಸರಿ ಎಂದು ನನಗೆ ಗೊತ್ತಿಲ್ಲ. ಅವಳು, "ಅವರ ಮನೇಲಿ ಆಗಿದ್ದು ಅವರಿಗೇ ಗೊತ್ತಿಲ್ದೆ ನಂಗೆ ಮಾತ್ರ ಗೊತ್ತಿರೋದು ಹೇಗೆ ಮಂಜಯ್ಯನೋರೆ?" ಎಂದಳು.

ಸೆಪ್ಟೆಂಬರ್ ಮೊದಲ ಭಾನುವಾರ ಬೆಳಗಿನ ಬಸ್ಸಿಗೆ ಕಳಸಕ್ಕೆ ಹೊರಟೆವು. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಎಲ್ಲರೂ ಇಳಿದು ನೀರುದೋಸೆ ತಿಂದರು. ಅವಳು ಕಿಟಕಿ ಪಕ್ಕ ಕೂತೇ ಇದ್ದಳು. ಒಂದು ಕಾಗದದಲ್ಲಿ ಹೇಳಬೇಕಾದದ್ದನ್ನು ಬರೆದುಕೊಂಡು ಬಂದಿದ್ದಳು. ಅದನ್ನು ಓದುವುದು, ಮಡಚುವುದು, ಮತ್ತೆ ಬಿಡಿಸುವುದು.

ರಾಜೀವನ ಮನೆ ಕಳಸದಿಂದ ಎರಡು ಕಿಲೋಮೀಟರ್ ಆಚೆ, ರಸ್ತೆಯ ಮಗ್ಗುಲಲ್ಲೇ. ಸಿಮೆಂಟ್ ಶೀಟಿನ ಮಾಡು. ಮುಂದೆ ಜೀಪ್ ನಿಂತಿತ್ತು. ಜಗಲಿಯಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಒಬ್ಬ ಹೆಂಗಸು ಕೂತಿದ್ದರು. ಸೌಂದರ್ಯಳ ತಾಯಿ, ಗಿಡ್ಡಮ್ಮ. ನಾವು ರಕ್ತದಾನಿಗಳ ಬಳಗದವರು ಎಂದಾಗ ಒಳಗೆ ಕರೆದರು. "ನೀವೆಲ್ಲ ಎಷ್ಟು ಕಷ್ಟಪಟ್ರಿ ಅಂತ ರಾಜೀವ ಹೇಳ್ದ," ಎಂದರು. ಅರ್ಪಿತಾ ಕಣ್ಣು ಮುಚ್ಚಿಕೊಂಡಳು.

ರಾಜೀವ್ ಹಿಂದಿನಿಂದ ಕೈ ಒರೆಸಿಕೊಳ್ಳುತ್ತ ಬಂದ. ಮೂವತ್ತೂ ಆಗಿರಲಿಕ್ಕಿಲ್ಲ. ಗಡ್ಡ ಬೆಳೆದಿತ್ತು. ಕುರ್ಚಿ ಹಾಕಿದ, ತಾನು ನಿಂತೇ ಇದ್ದ.

ಅವಳು ಕಾಗದ ತೆಗೆಯಲಿಲ್ಲ. ಸೀದಾ ಹೇಳಿದಳು. ತಾನೇ ಪ್ರೋಗ್ರಾಂ ಬರೆದದ್ದು, ತಾರೀಕು ಹೇಗೆ ತಿರುಗಿತು, ತಾನು ಪರೀಕ್ಷೆ ಮಾಡಿದ್ದು ಎಷ್ಟು ಕಡಿಮೆ, ನನ್ನ ಹೆಸರು ಪಟ್ಟಿಯಲ್ಲಿ ಕಂಡರೂ ಯಾಕೆ ಫೋನ್ ಮಾಡಲಿಲ್ಲ ಎಲ್ಲವನ್ನೂ. ಡಾಕ್ಟರಮ್ಮ ಹೇಳಿದ ಮಾತನ್ನೂ ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಹೇಳಿದಳು. ಕಂಪ್ಯೂಟರಿನ ತಪ್ಪು ಎಂದು ಒಂದು ಸಲವೂ ಅನ್ನಲಿಲ್ಲ.

ರಾಜೀವ್ ಕೇಳಿಸಿಕೊಂಡ. ಬಾಗಿಲ ಚೌಕಟ್ಟಿಗೆ ಒರಗಿದ.

"ಇದನ್ನ ಈಗ ಯಾಕೆ ಹೇಳ್ತಿದೀರಿ ಮೇಡಂ?" ಎಂದ.

"ನಿಮಗೆ ಗೊತ್ತಿರ್ಬೇಕು ಅಂತ."

"ಗೊತ್ತಾಗಿ ಏನಾಯ್ತು? ನಾನು ದೇವರಿಷ್ಟ ಅಂತ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ಹಗಲೆಲ್ಲ ಗಾಡಿ ಓಡಿಸ್ವಾಗ ಅದನ್ನೇ ಹೇಳ್ಕೊಳ್ತಿದ್ದೆ. ಅದೊಂದಿತ್ತು ನಂಗೆ. ಈಗ ಅದನ್ನೂ ಕಿತ್ಕೊಂಡ್ರಲ್ಲ."

ಅವನು ದನಿ ಏರಿಸಲಿಲ್ಲ. ಬೈದಿದ್ದರೆ, ಹೊಡೆಯಲು ಬಂದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ನನಗೆ.

ಗಿಡ್ಡಮ್ಮನಿಗೆ ತಾರೀಕು, ಪ್ರೋಗ್ರಾಂ ಯಾವುದೂ ಅರ್ಥವಾಗಿರಲಿಲ್ಲ. ಮಗುವನ್ನು ಎದೆಗೆ ಒತ್ತಿಕೊಂಡು ಎದ್ದು ಬಂದರು. ನನ್ನನ್ನು ನೋಡಿದರು.

"ಹಂಗಾರೆ ಈ ಅಣ್ಣನ ಮೈಯಲ್ಲಿ ಇತ್ತಾ, ನಮ್ಮ ಹುಡುಗಿಗೆ ಬೇಕಾದ ರಕ್ತ?"

"ಇತ್ತಮ್ಮ," ಎಂದೆ.

"ಮೂಡಿಗೆರೇಲೇ ಇದ್ರಾ ನೀವು ಅವತ್ತು?"

"ಇದ್ದೆ ಅಮ್ಮ. ಸುಮ್ನೆ ಕೂತಿದ್ದೆ."

ಅವರು ಹತ್ತಿರ ಬಂದು ನನ್ನ ತೋಳನ್ನು, ಮೊಣಕೈಯ ಒಳಗೆ ನರ ಇರುವಲ್ಲಿ, ಒಂದು ಕೈಯಿಂದ ಮುಟ್ಟಿದರು. ಬಿಸಿ ಇದೆಯೋ ಎಂದು ನೋಡುವವರ ಹಾಗೆ ಮುಟ್ಟಿ ನಿಂತರು. "ಇಲ್ಲೇ ಇತ್ತಂತೆ ಕಣೋ ರಾಜೀವ, ಇಲ್ಲೇ ಇತ್ತಂತೆ," ಎಂದು ಹೇಳಿ ಅಳತೊಡಗಿದರು. ಮಗುವೂ ಎದ್ದು ಅತ್ತಿತು. ರಾಜೀವ್ ಮಗುವನ್ನು ಎತ್ತಿಕೊಂಡು ಒಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ.

ಅರ್ಪಿತಾ ನೆಲಕ್ಕೆ ಕೂತು ಗಿಡ್ಡಮ್ಮನ ಕಾಲು ಹಿಡಿದಳು. ಅವರು ಎಬ್ಬಿಸಲೂ ಇಲ್ಲ, ಕಾಲು ಎಳೆದುಕೊಳ್ಳಲೂ ಇಲ್ಲ. ಸ್ವಲ್ಪ ಹೊತ್ತಿಗೆ, "ಹೋಗಿ ಮಗಾ. ಮಳೆ ಬರುತ್ತೆ, ಬಸ್ಸು ತಪ್ಪುತ್ತೆ," ಎಂದರು.

ಬಸ್ಸಿನಲ್ಲಿ ಬಾಳೆಹೊಳೆ ದಾಟಿದ ಮೇಲೆ ಅವಳಿಗೆ ಅಳು ಬಂತು. ಮೂಡಿಗೆರೆ ಬರುವವರೆಗೂ ನಿಲ್ಲಲಿಲ್ಲ. ಕಂಡಕ್ಟರ್ ಎರಡು ಸಲ ನನ್ನ ಮುಖ ನೋಡಿ ಸುಮ್ಮನಾದ.

ಆಮೇಲೆ ಎರಡು ತಿಂಗಳು ಅವಳು ಮಾಡಿದ್ದು ಒಂದೇ ಕೆಲಸ. ಇಡೀ ಪ್ರೋಗ್ರಾಂ ಮೊದಲಿನಿಂದ ಬರೆದಳು. ತಾರೀಕು ಟೈಪ್ ಮಾಡುವಂತಿಲ್ಲ, ದಿನ ತಿಂಗಳು ವರ್ಷ ಬೇರೆ ಬೇರೆ ಆರಿಸಬೇಕು. ತಿಂಗಳಿಗೆ ಅಂಕಿ ಇಲ್ಲ, ಹೆಸರೇ. ಯಾವ ದೇಶದ ಪದ್ಧತಿಯ ಕಂಪ್ಯೂಟರಿನಲ್ಲಿಟ್ಟರೂ ಅದು ಒಂದೇ ರೀತಿ ಓದುತ್ತದೆ. ಮುನ್ನೂರ ನಲವತ್ತು ಹೆಸರನ್ನೂ ಒಂದೊಂದಾಗಿ ತಾಳೆ ನೋಡಿದಳು, ಮೂರನ್ನಲ್ಲ. ಯಾರೂ ಇಲ್ಲ ಎಂದು ಅದೀಗ ಹೇಳುವುದೇ ಇಲ್ಲ. ಆ ಗುಂಪಿನ ಎಲ್ಲರ ಹೆಸರನ್ನೂ ತೋರಿಸಿ, ಇವರನ್ನು ಯಾಕೆ ಬಿಟ್ಟಿದೆ ಎಂಬ ಕಾರಣ ಬರೆದು, ಕೆಳಗೆ ಫೋನ್ ಮಾಡಿ ಕೇಳಿ ಎನ್ನುತ್ತದೆ. ಮುಗಿದ ದಿನ ಅದನ್ನು ನೋಡಿಕೊಳ್ಳುವ ಕೆಲಸವನ್ನು ಕಂಪ್ಯೂಟರ್ ಕಲಿಸುವ ಕೃತಿಕಾ ಎಂಬ ಕಾಲೇಜು ಮೇಡಮ್ಮಿಗೆ ಒಪ್ಪಿಸಿದಳು. ಮತ್ತೆ ಪ್ರೋಗ್ರಾಂ ಬರೆಯಲಿಲ್ಲ.

ಡಿಸೆಂಬರಿಗೆ ಅಂಗಡಿ ಬಿಟ್ಟಳು. ಗಿರಾಕಿ ಕಡಿಮೆಯಾಗಿದ್ದರು ಎಂದಲ್ಲ. ಆ ಮೂಲೆಯಲ್ಲಿ ಕೂರಲು ಆಗುತ್ತಿರಲಿಲ್ಲ. ತಾಯಿಯನ್ನು ಕರೆದುಕೊಂಡು ಚಿಕ್ಕಮಗಳೂರಿಗೆ ಹೋಗಿ ಒಂದು ಕಚೇರಿಯಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದಳು. ಬೇರೆಯವರು ಬರೆದದ್ದನ್ನು ಹಾಗೇ ಟೈಪ್ ಮಾಡಿಕೊಡುವ ಕೆಲಸ.

ಕಳೆದ ಅಕ್ಟೋಬರಿನಲ್ಲಿ ಎಸ್ಟೇಟ್ ಕೆಲಸಕ್ಕೆ ಅಲ್ಲಿಗೆ ಹೋದಾಗ ಅವರ ಮನೆಗೆ ಹೋಗಿದ್ದೆ. ಎರಡು ಕೋಣೆಯ ಬಾಡಿಗೆ ಮನೆ. ಸುಶೀಲಮ್ಮ ಕಾಫಿ ಕೊಟ್ಟು, ಮಂಡಿನೋವಿನ ಕತೆ ಹೇಳಿ ಒಳಗೆ ಹೋದರು. ಅರ್ಪಿತಾ ತುಂಬಾ ಇಳಿದುಹೋಗಿದ್ದಳು. ಅವಳ ಹೊಸ ಪ್ರೋಗ್ರಾಮಿನಿಂದ ಎಷ್ಟು ಜನಕ್ಕೆ ರಕ್ತ ಸಿಕ್ಕಿತು ಎಂದು ಹೇಳಹೊರಟೆ. ಕೈ ಅಡ್ಡ ಹಿಡಿದಳು.

"ಬೇಡ ದಿಲೀಪಣ್ಣ. ಅದನ್ನ ಇದರಲ್ಲಿ ಕಳೆಯೋಕೆ ಆಗಲ್ಲ."

"ತಪ್ಪು ಯಾರಿಂದ ಆಗಲ್ಲ ಹೇಳು?" ಎಂದೆ.

"ಎಲ್ರಿಂದ್ಲೂ ಆಗುತ್ತೆ. ಇದನ್ನ ಮಾಡಿದ್ದು ಎಲ್ರೂ ಅಲ್ವಲ್ಲ, ನಾನು," ಎಂದಳು. ಕೋಪದಲ್ಲಿ ಹೇಳಲಿಲ್ಲ. ನನಗೇ ಸಮಾಧಾನ ಹೇಳುವ ಹಾಗೆ ಹೇಳಿದಳು.

ಮಾತು ಬದಲಿಸಲು, ಹಿಂದಿನ ತಿಂಗಳು ಕಳಸಕ್ಕೆ ಹೋಗಿದ್ದೆ ಎಂದೆ. ಜೀಪ್ ಸ್ಟ್ಯಾಂಡಿನಲ್ಲಿ ರಾಜೀವ್ ಇದ್ದ. ನನ್ನ ಗುರುತು ಹಿಡಿದು ಮುಖ ತಿರುಗಿಸಿದ. ಗಿಡ್ಡಮ್ಮ ಪಕ್ಕದ ಅಂಗಡಿಯಲ್ಲಿ ಏನೋ ಕೊಳ್ಳುತ್ತಿದ್ದರು. ಮಗು ಜೀಪಿನ ಚಕ್ರ ಹಿಡಿದುಕೊಂಡು ನಿಂತಿತ್ತು, ಒಂದು ಕೈ ಬಿಟ್ಟು ನಾಲ್ಕು ಹೆಜ್ಜೆ ಇಡುತ್ತಿತ್ತು, ದೊಪ್ಪನೆ ಕೂರುತ್ತಿತ್ತು.

ಅರ್ಪಿತಾ ಮುಂದಕ್ಕೆ ಬಾಗಿ ಕೇಳುತ್ತಿದ್ದಳು.

"ಯಾರ ಹಾಗಿದೆ ನೋಡೋಕೆ?"

"ಗುಂಗುರು ಕೂದಲು. ರಾಜೀವನ ಹಾಗಲ್ಲ. ತಾಯಿ ಹಾಗಿರಬೇಕು, ನಾವು ಅವಳನ್ನ ನೋಡಿಲ್ವಲ್ಲ."

"ಏನು ಹೆಸರಿಟ್ಟಿದಾರಂತೆ?"

ನಾನು ಕೇಳಿರಲಿಲ್ಲ. ಹಾಗೆಂದು ಹೇಳಿದೆ. ಅವಳು ಖಾಲಿ ಲೋಟ ಎತ್ತಿಕೊಂಡಳು.

"ಕೇಳ್ಬೇಕಿತ್ತು," ಎಂದಳು.